ಬಾಡೂಟದ ಮನೆಯಲ್ಲಿ ಪ್ರಾಣಿಗಳ ಪರ ಮಾತಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮದ್ದೂರು ಕಡೆಯವನು. 31ನೇ ವಯಸ್ಸಿನವರೆಗೆ ಬಾಡು, ಮೀನು, ಮೊಟ್ಟೆ ಎಲ್ಲ ತಿಂದು ಬೆಳೆದವನು. ಬಿಸಿ ಮುದ್ದೆ ಮುರಿದು ಬಾಡಿನ ಸಾರಿಗೆ ಅದ್ದಿ ನುಂಗುವ ಸುಖ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಈಗ 9 ವರ್ಷದಿಂದ ಅದ್ಯಾವುದೂ ಇಲ್ಲ, ಹಾಲೂ ಇಲ್ಲ. ಮನೆಯಲ್ಲಿ ಉಳಿದವರೆಲ್ಲ ತಿನ್ನುತ್ತಾರೆ. ಹೊಸದಾಗಿ ವೀಗನ್ ಆದವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ: ಮನೆಯವರ ಜೊತೆ, ನಂಟರ ಜೊತೆ, ಆಫೀಸಿನವರ ಜೊತೆ ಈ ವಿಷಯ ಹೇಗೆ ಮಾತಾಡೋದು? ಜಗಳ ಆಗದ ಹಾಗೆ, ಆದರೆ ಹೇಳಬೇಕಾದ್ದನ್ನು ನುಂಗಿಕೊಳ್ಳದ ಹಾಗೆ?

ವೀಗನ್‌ಗೂ ಸಸ್ಯಾಹಾರಿಗೂ ಏನು ವ್ಯತ್ಯಾಸ?

ನಮ್ಮಲ್ಲಿ ಸಸ್ಯಾಹಾರಿ ಅಂದರೆ ಮಾಂಸ, ಮೀನು, ಮೊಟ್ಟೆ ತಿನ್ನದವರು. ಹಾಲು, ಮೊಸರು, ತುಪ್ಪ ನಡೆಯುತ್ತದೆ. ವೀಗನ್ ಆದವರು ಅದನ್ನೂ ಬಿಡುತ್ತಾರೆ. ಜೇನು, ರೇಷ್ಮೆ, ಚರ್ಮದ ಚಪ್ಪಲಿಯೂ ಇಲ್ಲ. ಈ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಇನ್ನೂ ಕೆಲವರು ಸೇರಿ ವೀಗನ್ ಸೊಸೈಟಿ ಕಟ್ಟಿದರು. ಅವರು ಮೊದಲು ಸಸ್ಯಾಹಾರಿಗಳ ಸಂಘದಲ್ಲೇ ಇದ್ದವರು. ಹಾಲಿನ ಮಾತು ಬಂದಾಗ ಬೇರೆ ಆದರು.

ಒಂದು ವಿಷಯ ಶುರುವಿನಲ್ಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ವೀಗನ್ ಆಗುವುದು ಶುದ್ಧಿಯ ವಿಷಯ ಅಲ್ಲ. ಪ್ರಾಣಿಗೆ ಆಗುವ ನೋವಿನ ವಿಷಯ.

ಮಾತು ಎಲ್ಲಿಂದ ಶುರು ಮಾಡಲಿ?

ಕೇಳುವುದರಿಂದ. ಹೇಳುವುದರಿಂದ ಅಲ್ಲ.

ನಾನು ಚಿಕ್ಕವನಿದ್ದಾಗ ಯುಗಾದಿಗೆ ಮೂರ್ನಾಲ್ಕು ತಿಂಗಳು ಮುಂಚೆ ನಮ್ಮ ಮನೆಗೆ ಒಂದು ಕುರಿಮರಿ ಬರುತ್ತಿತ್ತು. ಬಂಡೂರು ಕುರಿ, ಗಿಡ್ಡ ಕಾಲು, ದುಂಡಗಿನ ಮೈ. ಅಪ್ಪ ಅದಕ್ಕೆ ಹಗ್ಗ ಕಟ್ಟುತ್ತಿರಲಿಲ್ಲ. ಅವ್ವನ ಹಳೇ ಸೀರೆಯ ಅಂಚು ಹರಿದು, ಮೂರೆಳೆ ಹೆಣೆದು, ಅದನ್ನು ಕುತ್ತಿಗೆಗೆ ಕಟ್ಟುತ್ತಿದ್ದ. ಹಗ್ಗ ಉಜ್ಜಿ ಗಾಯ ಆಗುತ್ತದೆ ಅಂತ. ಯುಗಾದಿಯ ಮಾರನೇ ದಿನ ಹೊಸತೊಡಕು, ಅದನ್ನು ಕಡಿದು ಬಾಡೂಟ ಮಾಡುವ ದಿನ. ಅವತ್ತು ಬೆಳಿಗ್ಗೆ ಎಲ್ಲರೂ ಹಿತ್ತಲಲ್ಲಿ ಇರುತ್ತಿದ್ದರು, ಅಪ್ಪ ಮಾತ್ರ ಇರುತ್ತಿರಲಿಲ್ಲ. ನೀರು ಕಟ್ಟಬೇಕು ಅಂತ ಹೇಳಿ ಗದ್ದೆಗೆ ಹೋಗುತ್ತಿದ್ದ.

ನಾನು ವೀಗನ್ ಆದ ಮೊದಲ ಎರಡು ವರ್ಷ ಅಪ್ಪನಿಗೆ ಹೇಳದ ಮಾತಿಲ್ಲ. ಒಂದೂ ತಲೆಗೆ ಹೋಗಲಿಲ್ಲ. ಮೂರನೇ ವರ್ಷ ಒಂದು ಸಂಜೆ ಸುಮ್ನೆ ಕೇಳಿದೆ: "ಅಪ್ಪ, ಹೊಸತೊಡಕಿನ ದಿನ ನೀನ್ಯಾಕೆ ಗದ್ದೆಗೆ ಹೋಗ್ತಿದ್ದೆ?" ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೋಡಕಾಗಕಿಲ್ಲ ಕಣ್ಲಾ. ನನ್ನ ಕೈಯಾಗೆ ಸೊಪ್ಪು ತಿಂದಿರ್ತದೆ ಅದು" ಅಂದ.

ನಾನು ಎರಡು ವರ್ಷ ಕಿರುಚಿ ಹೇಳಿದ್ದು ಅಪ್ಪನಿಗೆ ನನಗಿಂತ ಮೊದಲೇ ಗೊತ್ತಿತ್ತು. ಪ್ರಾಣಿ ಸಾಕಿದ ಪ್ರತಿ ಮನೆಯಲ್ಲೂ ಇಂಥ ಒಂದು ನೆನಪು ಇರುತ್ತದೆ. ಎಮ್ಮೆ ಮಾರಿದ ದಿನ ಊಟ ಬಿಟ್ಟ ಅಜ್ಜಿ, ಕೋಳಿಮರಿಗೆ ಹೆಸರಿಟ್ಟ ಮಗು. ನಾವು ಹೊಸ ಕರುಣೆ ತಂದು ಕೊಡುವವರಲ್ಲ. ಅವರಲ್ಲಿರುವ ಕರುಣೆಯ ಬಗ್ಗೆ ಕೇಳುವವರು, ಅಷ್ಟೇ.

ಇದು ನನ್ನ ಮನೆಯ ಅನುಭವ ಮಾತ್ರ ಅಲ್ಲ. ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞ ಕುಡಿತದ ಸಮಸ್ಯೆ ಇದ್ದವರ ಜೊತೆ ಮಾತಾಡುವ ಒಂದು ಬಗೆಯನ್ನು 1983ರಲ್ಲಿ ಬರೆದು ತೋರಿಸಿದರು. ನೀನು ತಪ್ಪು ಅಂತ ಒತ್ತಿ ಹೇಳಿದಷ್ಟೂ ಎದುರಿನವರು ತಮ್ಮ ಅಭ್ಯಾಸದ ಪರ ವಾದ ಮಾಡುತ್ತಾರೆ. ಹಾಗೆ ವಾದ ಮಾಡುತ್ತಾ ಮಾಡುತ್ತಾ ಅದನ್ನೇ ಜಾಸ್ತಿ ನಂಬುತ್ತಾರೆ. ಬದಲಾಗಬೇಕು ಅನ್ನುವ ಮಾತು ಅವರ ಬಾಯಿಂದಲೇ ಬರಬೇಕು. ಆಮೇಲೆ ಆ ವಿಧಾನ ಡಯಾಬಿಟಿಸ್, ಸಿಗರೇಟು ಹೀಗೆ ಎಷ್ಟೋ ಕಡೆ ಬಳಕೆಗೆ ಬಂತು. ಊಟದ ವಿಷಯಕ್ಕೂ ಅದು ಹೊಂದುತ್ತದೆ ಅಂತ ನನ್ನ ನಂಬಿಕೆ.

ಎಲ್ಲರೂ ಊಟಕ್ಕೆ ಕೂತಾಗ ಹೇಳಬಹುದಾ?

ಬೇಡ. ದಯವಿಟ್ಟು ಬೇಡ.

ವೀಗನ್ ಆದ ವರ್ಷ ಚಿಕ್ಕಪ್ಪನ ಮಗಳ ಬೀಗರೂಟ ಇತ್ತು. ನನ್ನ ಎಲೆಗೆ ಅನ್ನ, ತಿಳಿಸಾರು. ಪಕ್ಕದಲ್ಲಿ ಕೂತಿದ್ದ ಸೋದರತ್ತೆ, "ಯಾಕ್ಲಾ ಮಗಾ, ಏನಾಯ್ತು ನಿಂಗೆ?" ಅಂತ ಅಕ್ಕರೆಯಿಂದಲೇ ಕೇಳಿದಳು. ನಾನು ಫೋನ್ ತೆಗೆದು ಕಸಾಯಿಖಾನೆಯ ವಿಡಿಯೋ ಹಾಕಿ ಅವಳ ಮುಖಕ್ಕೆ ಹಿಡಿದೆ. ಅತ್ತೆ ಅರ್ಧ ಊಟ ಬಿಟ್ಟು ಎದ್ದಳು. ಊಟದ ಎಲೆಯಿಂದ ಒಬ್ಬರನ್ನು ಎಬ್ಬಿಸುವುದು ನಮ್ಮ ಕಡೆ ಎಂಥ ತಪ್ಪು ಅಂತ ನಿಮಗೆ ಗೊತ್ತು. ಅವಳು ನನ್ನ ಜೊತೆ ಮತ್ತೆ ನೆಟ್ಟಗೆ ಮಾತಾಡಲು ಒಂದು ವರ್ಷ ಹಿಡಿಯಿತು. ಬಾಡು ಬಿಡುವುದಿರಲಿ, ನನ್ನ ಮುಂದೆ ಆ ವಿಷಯ ಎತ್ತುವುದನ್ನೇ ಬಿಟ್ಟಳು.

2010ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಒಣಗಿಸಿದ ದನದ ಮಾಂಸ ತಿನ್ನಲು ಕೊಟ್ಟರು, ಕೆಲವರಿಗೆ ಗೋಡಂಬಿ. ಆಮೇಲೆ ಪ್ರಾಣಿಗಳ ಬಗ್ಗೆ ಪ್ರಶ್ನೆ ಕೇಳಿದರು. ಮಾಂಸ ತಿಂದವರು ಹಸುವಿನ ಬಗ್ಗೆ ತೋರಿಸಿದ ಕಾಳಜಿ ಗೋಡಂಬಿ ತಿಂದವರಿಗಿಂತ ಕಡಿಮೆ ಇತ್ತು. ಅಂದರೆ ಬಾಯಲ್ಲಿ ತುತ್ತು ಇದ್ದಾಗ ಮನಸ್ಸು ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಅದು ಕೆಟ್ಟತನ ಅಲ್ಲ, ಮನುಷ್ಯರ ಮನಸ್ಸಿನ ರೀತಿ. ಅದಕ್ಕೇ ಎಲೆ ಮುಂದೆ ಈ ಮಾತು ಎತ್ತಬೇಡಿ. ಅಲ್ಲೇ ಯಾರಾದರೂ ಕೇಳಿದರೆ, "ಹೇಳ್ತೀನಿ ಅತ್ತೆ, ಊಟ ಆಗ್ಲಿ" ಅಂದರೆ ಸಾಕು. ನಿಜವಾಗಿ ತಿಳಿಯಬೇಕು ಅಂತ ಇದ್ದವರು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ತಾವೇ ಬಂದು ಕೇಳುತ್ತಾರೆ.

ವಿಡಿಯೋ ತೋರಿಸಲೇಬಾರದಾ?

ಕೇಳಿ ತೋರಿಸಿ. "ನಾನು ಒಂದು ವಿಡಿಯೋ ನೋಡಿ ಬದಲಾದೆ, ನೋಡೋಕೆ ಕಷ್ಟ ಆಗುತ್ತೆ, ನೋಡ್ತೀರಾ?" ಬೇಡ ಅಂದರೆ ಅಲ್ಲಿಗೆ ಬಿಡಿ. ಮಕ್ಕಳಿಗೆ ಬೇಡವೇ ಬೇಡ.

"ಇದೆಲ್ಲ ಮೇಲ್ಜಾತಿಯವರ ಮಾತು" ಅಂದರೆ ಏನು ಹೇಳಲಿ?

ಮೊದಲು ಅದರಲ್ಲಿ ನಿಜ ಇದೆ ಅಂತ ಒಪ್ಪಿಕೊಳ್ಳಿ. ನಮ್ಮ ನಾಡಿನಲ್ಲಿ ಮಾಂಸ ತಿನ್ನುವುದು ಬಿಡುವುದು ಯಾವತ್ತೂ ಬರೀ ಊಟದ ವಿಷಯ ಆಗಿರಲಿಲ್ಲ. ಮಾಂಸ ತಿನ್ನುವವರಿಗೆ ಬಾಡಿಗೆ ಮನೆ ಇಲ್ಲ ಅಂತ ಬೆಂಗಳೂರಿನಲ್ಲಿ ಈಗಲೂ ಬಾಯಿಬಿಟ್ಟು ಹೇಳುತ್ತಾರೆ. ಆಫೀಸಿನಲ್ಲಿ ಡಬ್ಬಿ ತೆಗೆದ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಾರೆ. ತಿನ್ನುವ ವಸ್ತುವಿನ ಹೆಸರಲ್ಲಿ ಜನರನ್ನು ಊರಿಂದ ಆಚೆ ಇಟ್ಟ ಚರಿತ್ರೆ ನಮ್ಮದು. ಅಂಥ ಕಡೆ ಬಂದು "ಮಾಂಸ ತಿನ್ನಬೇಡಿ" ಅಂದರೆ ಕೇಳುವವರಿಗೆ ಹಳೇ ಅವಮಾನವೇ ಮತ್ತೆ ಕೇಳಿಸುತ್ತದೆ.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಆಗ ಏನಾಯಿತು ನೆನಪಿಸಿಕೊಳ್ಳಿ. ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಪಕ್ಕದಲ್ಲೇ ಮಾಂಸಾಹಾರವನ್ನೂ ನಿಷೇಧದ ಸಾಲಿಗೆ ಸೇರಿಸಿದ್ದರು. ಜನ ಸಿಟ್ಟಾದರು, ಸಮ್ಮೇಳನದಲ್ಲಿ ಬಾಡೂಟವೂ ಇರಲಿ ಅಂತ ಕೇಳಿದರು. ನಾನು ಬಾಡು ತಿನ್ನದವನು. ಆದರೂ ಆ ಸಾಲು ಓದಿದಾಗ ನನಗೂ ನೋವಾಯಿತು. ಅವ್ವ ಅಷ್ಟು ಪ್ರೀತಿಯಿಂದ ಮಾಡಿ ಬಡಿಸುವ ಅಡುಗೆ ಹೆಂಡ, ಬೀಡಿಯ ಜೊತೆ ಯಾಕೆ ಸೇರಬೇಕು? ಆ ಸಾಲಿನಿಂದ ಒಂದೇ ಒಂದು ಕುರಿಗೂ ಒಳ್ಳೇದಾಗಲಿಲ್ಲ, ಜನರಿಗೆ ಅವಮಾನ ಆಯಿತು, ಅಷ್ಟೇ.

ಅದಕ್ಕೇ ನಾನು ಎರಡು ಮಾತನ್ನು ಬೇರೆ ಬೇರೆಯಾಗಿ ಇಡುತ್ತೇನೆ. "ನಿಮ್ಮ ಊಟ ಕೀಳು" ಅನ್ನುವುದು ಒಂದು ಮಾತು. ಅದು ಸುಳ್ಳು, ಅದನ್ನು ನಾನು ಎಂದೂ ಹೇಳುವುದಿಲ್ಲ, ಬೇರೆಯವರು ಹೇಳಿದರೂ ಸುಮ್ಮನಿರುವುದಿಲ್ಲ. "ಆ ಪ್ರಾಣಿಗೂ ಬದುಕುವ ಆಸೆ ಇತ್ತು" ಅನ್ನುವುದು ಇನ್ನೊಂದು. ಇದನ್ನು ಹೇಳಲು ನನಗೆ ಯಾರ ಜಾತಿಯೂ ಬೇಕಿಲ್ಲ. 2014ರ ಸರ್ಕಾರಿ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಮಂದಿ ಮಾಂಸಾಹಾರಿಗಳು. ಅಷ್ಟು ಜನರನ್ನು ಕೀಳಾಗಿ ಕಂಡು ಪ್ರಾಣಿಗಳಿಗೆ ಒಳ್ಳೇದು ಮಾಡುತ್ತೇವೆ ಅನ್ನುವುದು ಆಗದ ಮಾತು.

ಮತ್ತೊಂದು. ಮಾಂಸದ ಅಂಗಡಿ ಮುಂದೆ ಗಲಾಟೆ ಮಾಡುವವರು, ದನದ ಗಾಡಿ ನಿಲ್ಲಿಸಿ ಬಡಪಾಯಿ ಡ್ರೈವರನ್ನು ಹೊಡೆಯುವವರು ಇದ್ದಾರೆ. ಅವರ ಜೊತೆ ನಮಗೆ ಯಾವ ನಂಟೂ ಇಲ್ಲ ಅಂತ ಬಾಯಿಬಿಟ್ಟು ಹೇಳಿ. ಮನುಷ್ಯನಿಗೆ ಹೊಡೆದು ಪ್ರಾಣಿಗೆ ದಯೆ ತೋರಿಸುವುದು ನನಗೆ ಅರ್ಥವೇ ಆಗುವುದಿಲ್ಲ.

ಹಾಲಿನ ವಿಷಯ ಯಾಕೆ ತರ್ತೀರ? ಹಸುವನ್ನು ಕೊಲ್ಲಲ್ವಲ್ಲ?

ಈ ಪ್ರಶ್ನೆ ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಿಂದಲೇ ಜಾಸ್ತಿ ಬರುತ್ತದೆ. ಇದಕ್ಕೆ ಸರಿಯಾಗಿ ಉತ್ತರ ಹೇಳುವುದನ್ನು ಕಲಿಯಿರಿ. ಯಾಕೆಂದರೆ ನೀವು ಹಾಲಿನ ಮಾತು ಆಡಿದ ದಿನವೇ ಬಾಡು ತಿನ್ನುವ ನಂಟರಿಗೆ, ಇವನು ಬರೀ ನಮ್ಮನ್ನು ಗುರಿ ಮಾಡಿಲ್ಲ ಅಂತ ನಂಬಿಕೆ ಬರುತ್ತದೆ.

ಕೊಟ್ಟಿಗೆ ಇದ್ದ ಮನೆಯವರಿಗೆ ಇದು ಗೊತ್ತಿರುವುದೇ. ಹಸು ಕರು ಹಾಕದೆ ಹಾಲು ಕೊಡುವುದಿಲ್ಲ. ಒಂಬತ್ತು ತಿಂಗಳು ಗಬ್ಬ, ಆಮೇಲೆ ಕರು, ಆಮೇಲೆ ಕರಾವು. ಕರಾವು ನಿಲ್ಲುವ ಮುಂಚೆಯೇ ಮತ್ತೆ ಗಬ್ಬ ಕಟ್ಟಲು ಇಂಜೆಕ್ಷನ್ ಕೊಡಿಸಬೇಕು. ಹೆಣ್ಣುಗರು ಆದರೆ ಸಾಕುತ್ತಾರೆ. ಗಂಡುಗರು ಆದರೆ? ಹಿಂದೆ ಉಳುಮೆಗೆ, ಗಾಡಿಗೆ ಬೇಕಿತ್ತು. ಈಗ ಟ್ರ್ಯಾಕ್ಟರ್ ಇದೆ. ಅದರಲ್ಲೂ ಸೀಮೆಹಸುವಿನ ಗಂಡುಗರುವಿಗೆ ಹಿಣಿಲು ಇಲ್ಲ, ಬಿಸಿಲು ತಡೆಯುವುದಿಲ್ಲ, ನೊಗಕ್ಕೆ ಯಾರೂ ಕೇಳುವುದಿಲ್ಲ. ಅದು ಕುಡಿಯುವ ಹಾಲು ಡೈರಿಗೆ ಹೋಗುವ ಹಾಲು. ನಮ್ಮೂರಿನಲ್ಲಿ ಗಂಡುಗರು ಹುಟ್ಟಿದಾಗ ಮನೆಯವರ ಮುಖ ಬಾಡುವುದನ್ನು ನಾನು ನೋಡಿದ್ದೇನೆ. ಒಂದೆರಡು ವಾರದಲ್ಲಿ ಆ ಕರು ಕೊಟ್ಟಿಗೆಯಲ್ಲಿ ಇರುವುದಿಲ್ಲ. ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ.

ಹಾಲು ಬತ್ತಿದ ಹಸುವಿನ ಕತೆಯೂ ಅದೇ. 2020ರ ಕಾನೂನಿನ ಪ್ರಕಾರ ನಮ್ಮ ರಾಜ್ಯದಲ್ಲಿ ಹಸು, ಎತ್ತು, ಕರು ಯಾವುದನ್ನೂ ಕಡಿಯುವಂತಿಲ್ಲ, ಎಮ್ಮೆಯನ್ನು 13 ವರ್ಷ ದಾಟಿದ ಮೇಲೆ ಮಾತ್ರ. ಕಾನೂನು ಬಂತು, ಆದರೆ ಹಾಲಿನ ಬೇಡಿಕೆ ಹಾಗೇ ಇದೆ. 2024ರಲ್ಲಿ ರಾಜ್ಯದ ಹಾಲು ಒಕ್ಕೂಟಗಳ ಸಂಗ್ರಹ ದಿನಕ್ಕೆ 1 ಕೋಟಿ ಲೀಟರ್ ದಾಟಿತು. ಅಷ್ಟು ಹಾಲಿಗೆ ಅಷ್ಟು ಕರು ಹುಟ್ಟಲೇಬೇಕು. ಅವುಗಳಲ್ಲಿ ಅರ್ಧದಷ್ಟು ಗಂಡು. ಅವನ್ನು ಏನು ಮಾಡುವುದು ಅನ್ನುವ ಭಾರ ಬಿದ್ದಿದ್ದು ಎರಡು ಹಸು ಕಟ್ಟಿಕೊಂಡು ಜೀವನ ಮಾಡುವ ಹೆಂಗಸಿನ ಮೇಲೆ. ಕಾಫಿಗೆ ಹಾಲು ಬೆರೆಸಿಕೊಂಡು ಕುಡಿಯುವವರು ಅವಳನ್ನು ಬೈಯುವುದು ನ್ಯಾಯ ಅಲ್ಲ. ಅವಳನ್ನು ಎಂದೂ ಬೈಯಬೇಡಿ.

ಇಷ್ಟನ್ನೂ ಒಂದೇ ಸಲ ಹೇಳಬೇಡಿ. ಕೊಟ್ಟಿಗೆ ಇದ್ದ ಮನೆಯವರಾದರೆ ಒಂದೇ ಪ್ರಶ್ನೆ ಸಾಕು: "ಗಂಡುಗರು ಹುಟ್ಟಿದ್ರೆ ಏನ್ ಮಾಡ್ತೀರ ಅಕ್ಕ?" ಕೇಳಿ, ಆಮೇಲೆ ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

ರೇಷ್ಮೆ ಸೀರೆಯೂ ಬೇಡ ಅಂತೀರಾ?

ನಾನು ಉಡಬೇಡಿ ಅಂತ ಯಾರಿಗೂ ಹೇಳುವುದಿಲ್ಲ. ಹೇಗೆ ಆಗುತ್ತದೆ ಅಂತ ಗೊತ್ತಿದ್ದರೆ ಒಳ್ಳೇದು. ಮಂಡ್ಯ, ರಾಮನಗರ ಕಡೆ ಹುಳ ಸಾಕಿದವರಿಗೆ ನಾನು ಹೇಳಿಕೊಡಬೇಕಿಲ್ಲ. ಹಿಪ್ಪುನೇರಳೆ ಸೊಪ್ಪು ತಿಂದು ಹುಳ ಹಣ್ಣಾದ ಮೇಲೆ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡುತ್ತಾರೆ, ಅದು ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಚಿಟ್ಟೆಯಾಗಿ ಹೊರಗೆ ಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ. ಅದಕ್ಕೇ ಅದು ಒಳಗಿರುವಾಗಲೇ ಬಿಸಿಗೆ ಕೊಂದು, ಆಮೇಲೆ ಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಇರುವೆ ತುಳಿಯದ ಹಾಗೆ ನಡೆಯುವ ಎಷ್ಟೋ ಜನ ಪೂಜೆಗೆ ಇದನ್ನೇ ಉಟ್ಟು ಕೂರುತ್ತಾರೆ. ಇದನ್ನು ಯಾರನ್ನೂ ಚುಚ್ಚಲು ಹೇಳುತ್ತಿಲ್ಲ. ಪ್ರಾಣಿಯ ನೋವಿಗೆ ಕಾರಣ ಆಗದವರು ನಮ್ಮಲ್ಲಿ ಯಾರೂ ಇಲ್ಲ. ಹಾಗಿರುವಾಗ ಬಾಡು ತಿನ್ನುವವರ ಕಡೆ ಮಾತ್ರ ಬೆರಳು ತೋರಿಸುವುದು ಹೇಗೆ?

"ಗಿಡಕ್ಕೂ ಜೀವ ಇದೆ", "ಹುಲಿ ತಿನ್ನಲ್ವಾ", "ತಿನ್ನದೇ ಬಿಟ್ರೆ ಕೋಳಿ ಊರೆಲ್ಲ ತುಂಬಲ್ವಾ" ಅಂತಾರೆ

ಹೌದು, ಈ ಮೂರೂ ಬರುತ್ತವೆ, ಇದೇ ಸಾಲಿನಲ್ಲಿ ಬರುತ್ತವೆ.

ಗಿಡಗಳು ಬೆಳಕಿಗೆ, ಮುಟ್ಟಿದ್ದಕ್ಕೆ ಸ್ಪಂದಿಸುತ್ತವೆ ಅಂತ ಜಗದೀಶಚಂದ್ರ ಬೋಸ್ ನೂರು ವರ್ಷಕ್ಕೂ ಹಿಂದೆಯೇ ತೋರಿಸಿದ್ದಾರೆ. ಆದರೆ ನೋವು ತಿಳಿಯಲು ಬೇಕಾದ ನರ, ಮಿದುಳು ಗಿಡಕ್ಕೆ ಇಲ್ಲ. ಇನ್ನೂ ಒಂದು: ದಾವಣಗೆರೆ, ಹಾವೇರಿ ಕಡೆ ಬೆಳೆಯುವ ಮೆಕ್ಕೆಜೋಳ ಬಹಳಷ್ಟು ಹೋಗುವುದು ಕೋಳಿ ಆಹಾರಕ್ಕೆ. ಗಿಡದ ಮೇಲೆ ಮರುಕ ಇದ್ದರೂ ನೇರವಾಗಿ ಕಾಳು ತಿಂದರೇ ಕಡಿಮೆ ಗಿಡ ಸಾಯುತ್ತವೆ. ಹುಲಿಗೆ ಬೇರೆ ದಾರಿ ಇಲ್ಲ, ನಮಗೆ ಇದೆ. ಕೋಳಿ ಊರು ತುಂಬುವುದಿಲ್ಲ, ಯಾಕೆಂದರೆ ಫಾರಂ ಕೋಳಿ ತಾನಾಗಿ ಹುಟ್ಟುತ್ತಿಲ್ಲ. ನಾವು ಕೊಳ್ಳುತ್ತೇವೆ ಅಂತ ಮೊಟ್ಟೆ ಮರಿ ಮಾಡಿಸುತ್ತಾರೆ.

ಉತ್ತರ ಇಷ್ಟೇ. ಆದರೆ ಬಹಳ ಸಲ ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ. ಇವನು ನನ್ನನ್ನು ಕೆಟ್ಟವನು ಅಂತ ಅಂದುಕೊಂಡಿದ್ದಾನಾ ಅನ್ನುವುದು ಒಳಗಿನ ಪ್ರಶ್ನೆ. ಮೊದಲು ಅದಕ್ಕೆ ಉತ್ತರ ಕೊಡಿ. "ನಾನೂ 31 ವರ್ಷ ತಿಂದವನೇ ಭಾವ, ಆಗ ನಾನು ಕೆಟ್ಟವನಾಗಿರಲಿಲ್ಲ" ಅಂತ ನಾನು ಹೇಳುತ್ತೇನೆ. ಆಮೇಲೆ ಮೆಕ್ಕೆಜೋಳದ ಮಾತು ಬೇಕೇ ಆಗುವುದಿಲ್ಲ.

ಶಕ್ತಿ ಎಲ್ಲಿಂದ ಬರುತ್ತೆ ಅಂತ ಅವ್ವ ಅಳ್ತಾಳೆ. ಏನು ಹೇಳಲಿ?

ಅವ್ವನ ಭಯವನ್ನು ಹಗುರ ಮಾಡಬೇಡಿ. ಮಗ ಸೊರಗುತ್ತಾನೆ ಅನ್ನುವ ಚಿಂತೆ ಅದು, ವಾದ ಅಲ್ಲ.

ಪ್ರೋಟೀನ್‌ಗೆ ನಮ್ಮ ಅಡುಗೆಮನೆಯಲ್ಲಿ ಕೊರತೆ ಇಲ್ಲ. ಹುರುಳಿಕಾಳು, ತೊಗರಿಬೇಳೆ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಕೊಡುತ್ತವೆ. ಅವರೆ, ಅಲಸಂದೆ, ಕಡಲೆಕಾಯಿ ಇವೆ. ಸೋಯಾ ಚಂಕ್ಸ್ 50 ಗ್ರಾಂ ದಾಟುತ್ತದೆ. ಸುಣ್ಣದ ಅಂಶ (ಕ್ಯಾಲ್ಸಿಯಂ) ಹಾಲಿನಲ್ಲಿ 100 ಮಿಲಿಲೀಟರ್‌ಗೆ ಸುಮಾರು 120 ಮಿಲಿಗ್ರಾಂ, ರಾಗಿಯಲ್ಲಿ 100 ಗ್ರಾಂಗೆ ಸುಮಾರು 350. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ ನಿಜ, ಆದರೂ ದಿನಾ ಮುದ್ದೆ ತಿನ್ನುವ ಮನೆಗೆ ಇದು ದೊಡ್ಡ ಧೈರ್ಯ.

ವಿಟಮಿನ್ ಬಿ12 ವಿಷಯದಲ್ಲಿ ಮಾತ್ರ ಸುಳ್ಳು ಹೇಳಬೇಡಿ. ಗಿಡದಿಂದ ಬರುವ ಊಟದಲ್ಲಿ ಅದು ನಂಬುವಷ್ಟು ಸಿಗುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು ಸುಮಾರು 2.4 ಮೈಕ್ರೋಗ್ರಾಂ, ಬಹಳ ಕಡಿಮೆ, ಆದರೆ ಬೇಕೇ ಬೇಕು. ಕಡಿಮೆ ಆದರೆ ಸುಸ್ತು, ಕೈಕಾಲು ಜೋಮು, ಆಮೇಲೆ ನರಕ್ಕೇ ಪೆಟ್ಟು. ಮಾತ್ರೆ ತಗೊಳ್ಳಿ, ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟು ಅವ್ವನಿಗೆ ತೋರಿಸಿ. ನನ್ನ ಅವ್ವ ಸಮಾಧಾನ ಆಗಿದ್ದು ನನ್ನ ಮಾತಿಗಲ್ಲ, ಆ ರಿಪೋರ್ಟು ನೋಡಿ ನಮ್ಮೂರ ನರ್ಸಮ್ಮ "ಎಲ್ಲ ಸರಿಯಾಗಿದೆ ಬಿಡವ್ವ" ಅಂದಿದ್ದಕ್ಕೆ. ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳ ವಿಷಯದಲ್ಲಿ ಡಾಕ್ಟರನ್ನು ಕೇಳದೆ ಏನೂ ಬದಲಾಯಿಸಬೇಡಿ.

ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡೋದನ್ನು ನಾವು ವಿರೋಧಿಸಬೇಕಾ?

ನಾನು ವಿರೋಧಿಸುವುದಿಲ್ಲ. ನನ್ನ ಜೊತೆಯ ಎಷ್ಟೋ ವೀಗನ್‌ಗಳಿಗೆ ಈ ಉತ್ತರ ಇಷ್ಟ ಆಗುವುದಿಲ್ಲ, ಆದರೂ ಹೇಳುತ್ತೇನೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮಕ್ಕಳ ಅಪೌಷ್ಟಿಕತೆ ಜಾಸ್ತಿ ಅಂತ 2021ರಲ್ಲಿ ಅಲ್ಲಿಂದಲೇ ಮೊಟ್ಟೆ ಶುರು ಮಾಡಿದರು, ಆಮೇಲೆ ಇಡೀ ರಾಜ್ಯಕ್ಕೆ ಬಂತು. ತಿನ್ನದವರಿಗೆ ಬಾಳೆಹಣ್ಣು ಇದೆ. ಹಸಿದ ಮಗುವಿನ ತಟ್ಟೆಯಿಂದ ತೆಗೆಯುವುದು ನಮ್ಮ ಹೋರಾಟದ ಮೊದಲ ಹೆಜ್ಜೆ ಆಗಬಾರದು. ಬೇಕಿದ್ದರೆ ಕಾಳು, ಸೋಯಾ, ಕಡಲೆಕಾಯಿ ಇನ್ನೂ ಜಾಸ್ತಿ ಕೊಡಿ ಅಂತ ಕೇಳೋಣ. ಆಯ್ಕೆ ಇರುವವರ ಜೊತೆ, ತಿಂಗಳ ಸಂಬಳ ಬರುವವರ ಜೊತೆ ಮೊದಲು ಮಾತಾಡೋಣ. ನಾವು ಆ ಗುಂಪಿನವರೇ ಅಲ್ವಾ?

ಕುರಿ ಸಾಕುವವರು, ಮೀನು ಹಿಡಿಯುವವರ ಹತ್ತಿರ ಹೇಗೆ ಮಾತಾಡೋದು?

ಕಲಿಯಲು ಹೋಗಿ. ಪ್ರಾಣಿಗಳ ಬಗ್ಗೆ ಅವರಿಗೆ ಗೊತ್ತಿರುವುದರಲ್ಲಿ ಹತ್ತನೇ ಒಂದು ಪಾಲೂ ನಮಗೆ ಗೊತ್ತಿಲ್ಲ. ಕುರಿ ಕಾಯುವವರು ನೂರು ಕುರಿಯಲ್ಲಿ ಯಾವುದರ ಮರಿ ಯಾವುದು ಅಂತ ಕೂಗಿನಲ್ಲೇ ಹೇಳುತ್ತಾರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಅದು ಮೀನು ಮೊಟ್ಟೆಯಿಡುವ ಕಾಲ. ಕಾನೂನಿಗಿಂತ ಮುಂಚೆಯೂ ಮಳೆಗಾಲದ ಕಡಲಿಗೆ ಬಿಡುವು ಕೊಡುವುದು ಅಲ್ಲಿಯವರ ರೂಢಿಯಲ್ಲಿತ್ತು. ಇಂಥ ಜನರ ಮುಂದೆ ನಿಂತು ಕರುಣೆಯ ಪಾಠ ಮಾಡಿದರೆ ಅವರಿಗೆ ಬೇಸರ ಆಗದೆ ಇನ್ನೇನು?

ಅವರ ಹೊಟ್ಟೆಪಾಡಿನ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರ ಇಲ್ಲ. ಇಲ್ಲ ಅಂತಲೇ ಹೇಳಿ. ಫಾರಂ ಕೋಳಿಯ ಧಂದೆ ಬೇರೆ. ಅಲ್ಲಿ ಕಂಪನಿ ಮರಿ ಕೊಡುತ್ತದೆ, ಆಹಾರ ಕೊಡುತ್ತದೆ, ರೈತನಿಗೆ ಕಿಲೋ ಲೆಕ್ಕದಲ್ಲಿ ಸಾಕಾಣಿಕೆ ಕೂಲಿ. ಮರಿ 40, 45 ದಿನಕ್ಕೆ ಎರಡು ಕಿಲೋ ಆಗಿ ಗಾಡಿ ಹತ್ತುತ್ತದೆ. ನಾಟಿ ಕೋಳಿ ಬಿಟ್ಟರೆ ಐದಾರು ವರ್ಷ ಬದುಕುತ್ತದೆ. ಆ ಶೆಡ್ಡಿನ ರೈತನೂ ಅಲ್ಲಿ ಗೆದ್ದವನಲ್ಲ, ಅವನೂ ಸಿಕ್ಕಿಕೊಂಡವನು.

ದೇವರ ಹರಕೆ, ಮಾರಿಹಬ್ಬದ ಬಲಿ ಬಗ್ಗೆ?

ದೇವಸ್ಥಾನದ ಆವರಣದಲ್ಲಿ ಪ್ರಾಣಿ ಬಲಿ ಕೊಡಬಾರದು ಅಂತ ನಮ್ಮ ರಾಜ್ಯದಲ್ಲಿ 1959ರಿಂದಲೇ ಕಾನೂನು ಇದೆ. ಆದರೆ ಹಬ್ಬದ ದಿನ ಕಾನೂನು ಹಿಡಿದು ಹೋಗಬೇಡಿ. ವರ್ಷಕ್ಕೊಮ್ಮೆ ಒಂದು ಕುರಿ ಕಡಿಯುವ ಊರನ್ನು ಬೈದು, ವಾರಕ್ಕೆ ಎರಡು ಸಲ ಬಿರಿಯಾನಿ ತರಿಸುವ ನಗರವನ್ನು ಬಿಟ್ಟರೆ ಅದು ನ್ಯಾಯ ಅಲ್ಲ. ನಿಮ್ಮದೇ ಊರು, ನಿಮ್ಮದೇ ಮನೆದೇವರು ಆದರೆ ಹಿರಿಯರ ಜೊತೆ ಹಬ್ಬಕ್ಕೆ ತಿಂಗಳುಗಟ್ಟಲೆ ಮುಂಚೆ ಕೂತು ಮಾತಾಡಿ. ಬೂದುಗುಂಬಳ, ತೆಂಗಿನಕಾಯಿ ಒಡೆದು ಹರಕೆ ತೀರಿಸುವ ದಾರಿ ನಮ್ಮಲ್ಲಿ ಮೊದಲಿಂದಲೂ ಇದೆ. ಬೇರೆಯವರ ದೇವರಾದರೆ ಸುಮ್ಮನಿರಿ.

"ಮಟನ್ ಬಿಟ್ಟೆ, ಈಗ ಬರೀ ಚಿಕನ್" ಅಂತ ಖುಷಿಯಿಂದ ಹೇಳ್ತಾರೆ. ಹೊಗಳಲಾ?

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಒಂದು ಕುರಿಯಿಂದ ಹತ್ತು ಹದಿನೈದು ಕಿಲೋ ಬಾಡು ಬರುತ್ತದೆ. ಅಷ್ಟೇ ಮಾಂಸಕ್ಕೆ ಹತ್ತು ಕೋಳಿ ಬೇಕು. ಕುರಿ ಬಯಲಲ್ಲಿ ಮೇಯ್ದು ಬದುಕಿರುತ್ತದೆ, ಫಾರಂ ಕೋಳಿ ಶೆಡ್ಡು ಬಿಟ್ಟು ಹೊರಗೆ ಕಾಲಿಟ್ಟಿರುವುದಿಲ್ಲ. ಪ್ರಾಣಿಗಳ ಕಡೆಯಿಂದ ನೋಡಿದರೆ ಇದು ಹಿಂದಕ್ಕೆ ಇಟ್ಟ ಹೆಜ್ಜೆ.

ಆದರೂ ಅವರ ಮನಸ್ಸು ಮುಂದಕ್ಕೆ ಬಂದಿದೆ. ಆ ಮನಸ್ಸನ್ನು ಹೊಗಳಿ, ಆಮೇಲೆ ನಿಧಾನಕ್ಕೆ ಲೆಕ್ಕ ಹೇಳಿ. ಜೊತೆಗೆ ಒಂದು ಅಡುಗೆ ಹೇಳಿಕೊಡಿ. ಬಾಡಿನ ಸಾರಿನ ರುಚಿ ಬಹುಪಾಲು ಮಸಾಲೆಯಲ್ಲಿ ಇದೆ: ಹುರಿದ ಧನಿಯ, ಚೆಕ್ಕೆ, ಲವಂಗ, ಗಸಗಸೆ, ಕಾಯಿ, ಸುಟ್ಟ ಈರುಳ್ಳಿ. ಅದೇ ಮಸಾಲೆಗೆ ಅಣಬೆ ಹಾಕಿ, ಎಳೆ ಹಲಸಿನಕಾಯಿ ಹಾಕಿ, ಸೋಯಾ ಹಾಕಿ. ಹಿದುಕಿದ ಅವರೆಬೇಳೆ ಸಾರಿಗೂ ಮುದ್ದೆಗೂ ಮೊದಲಿಂದ ನಂಟು ಇದ್ದೇ ಇದೆ. ನಾನು ಆಡಿದ ಎಲ್ಲ ಮಾತಿಗಿಂತ ಒಂದು ಪಾತ್ರೆ ಅಣಬೆ ಸಾರು ಜಾಸ್ತಿ ಕೆಲಸ ಮಾಡಿದೆ.

ಯಾವ ಪದ ಬಳಸಬಾರದು?

ಹೆಣ, ಕೊಲೆಗಾರ, ರಾಕ್ಷಸ, ಪಾಪಿ. ಇವು ಬಾಯಿಗೆ ಬಂದರೆ ಎದ್ದು ಹೋಗಿ ನೀರು ಕುಡಿಯಿರಿ. "ನೀವು" ಅಂತ ಶುರುವಾಗುವ ಮಾತನ್ನು "ನನಗೆ" ಅಂತ ತಿರುಗಿಸಿ. "ನೀವು ಹೇಗೆ ತಿಂತೀರ" ಬೇಡ, "ನನಗೆ ಆ ಕುರಿಯ ಕಣ್ಣು ನೆನಪಾಗುತ್ತೆ" ಆಗಬಹುದು.

ನನಗೆ ಎಲ್ಲರ ಮೇಲೂ ಕೋಪ ಬರುತ್ತೆ. ಒಬ್ಬಳೇ ಅನ್ನಿಸುತ್ತೆ

ಗೊತ್ತು. ಕೋಳಿ ಅಂಗಡಿ ಮುಂದೆ ಪಂಜರ ನೋಡಿದ ದಿನ ನನಗೂ ಊಟ ಸೇರುತ್ತಿರಲಿಲ್ಲ. ಪ್ರೀತಿಸುವ ಜನರೇ ಅದನ್ನು ತಿನ್ನುವುದನ್ನು ನೋಡಬೇಕು, ಅದೇ ದೊಡ್ಡ ಕಷ್ಟ. ಆ ನೋವು ಸುಳ್ಳಲ್ಲ. ಆದರೆ ಅದನ್ನು ಇಳಿಸುವ ಜಾಗ ಅವ್ವನ ಅಡುಗೆಮನೆ ಅಲ್ಲ. ನಿಮ್ಮ ಹಾಗೆ ಇರುವ ಒಬ್ಬಿಬ್ಬರನ್ನು ಹುಡುಕಿಕೊಳ್ಳಿ, ಅವರ ಹತ್ತಿರ ಅತ್ತುಬಿಡಿ. ಬೀದಿ ನಾಯಿಗೆ ಅನ್ನ ಹಾಕಿ, ಗೋಶಾಲೆಗೋ ಪ್ರಾಣಿ ಆಶ್ರಯಕ್ಕೋ ಹೋಗಿ ಸಗಣಿ ಬಾಚಿ. ಕೈ ಕೆಲಸದಲ್ಲಿದ್ದರೆ ಕೋಪ ಸ್ವಲ್ಪ ಇಳಿಯುತ್ತದೆ.

ಗಂಡ ಅಥವಾ ಹೆಂಡತಿ ತಿನ್ನುತ್ತಾರೆ. ಒಂದೇ ಅಡುಗೆಮನೆ ಹೇಗೆ?

ನಮ್ಮ ಮನೆಯಲ್ಲಿ ಬಾಣಲೆ ಬೇರೆ, ಒಲೆ ಒಂದೇ. ಹೆಂಡತಿ ತನಗೆ ಬೇಕಾದ್ದು ತಾನು ಮಾಡಿಕೊಳ್ಳುತ್ತಾಳೆ, ದಿನದ ಅಡುಗೆ ಇಬ್ಬರದೂ ವೀಗನ್. ನನ್ನ ಊಟದ ಹೊಸ ನಿಯಮದಿಂದ ಅವಳಿಗೆ ಎರಡು ಪಟ್ಟು ಕೆಲಸ ಆಗಬಾರದು ಅಂತ ಅಡುಗೆ ಕಲಿತದ್ದು ನಾನು. ವೀಗನ್ ಆದ ಗಂಡಸರಿಗೆ ಇದನ್ನು ಒತ್ತಿ ಹೇಳುತ್ತೇನೆ: ನೀವು ಬದಲಾದರೆ ಸೌಟು ಹಿಡಿಯಬೇಕಾದವರೂ ನೀವೇ.

ಎಷ್ಟು ಹೇಳಿದರೂ ಬದಲಾಗದಿದ್ದರೆ?

ಅಪ್ಪ ಇವತ್ತಿಗೂ ತಿನ್ನುತ್ತಾನೆ. ಮನೆಯಲ್ಲಿ ಕುರಿ ಕಟ್ಟುವುದನ್ನು ನಿಲ್ಲಿಸಿ ನಾಲ್ಕು ವರ್ಷ ಆಯಿತು. ಯಾಕೆ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸತೊಡಕಿಗೆ ಈಗ ಊರವರ ಜೊತೆ ಸೇರಿ ಗುಡ್ಡೆ ಬಾಡು ತರುತ್ತಾರೆ.

ಕಳೆದ ಹೊಸತೊಡಕಿನ ದಿನ ಬೆಳಿಗ್ಗೆ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಗದ್ದೆ ಕಡೆ ಹೊರಟ. ಹಿತ್ತಲಲ್ಲಿ ಏನೂ ಇರಲಿಲ್ಲ. ಆದರೂ ಹೊರಟ. ನಾನೂ ಹಿಂದೆ ಹೋದೆ. ಬದುವಿನ ಮೇಲೆ ಇಬ್ಬರೂ ಕೂತಿದ್ದೆವು, ಜಾಸ್ತಿ ಮಾತಾಡಲಿಲ್ಲ. ಬಿಸಿಲು ಏರಿದ ಮೇಲೆ ವಾಪಸು ಬಂದೆವು. ಅವ್ವ ಎರಡು ಪಾತ್ರೆ ಇಟ್ಟಿದ್ದಳು, ಒಂದರಲ್ಲಿ ಬಾಡು, ಒಂದರಲ್ಲಿ ಅಣಬೆ. ಅಪ್ಪ ಎರಡರಿಂದಲೂ ಹಾಕಿಸಿಕೊಂಡ. ಅಣಬೆ ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಅಂದ. ಈ ಸಲ ಸರಿ ಮಾಡಬೇಕು.